ಏಳುನೂರೈವತ್ತು ಕೆಜಿಯೊಳಗೊಂದು ಮಂಜು

ಹಾರನಹಳ್ಳಿಯ ತಿಮ್ಮಯ್ಯನ ಹಳೇ ಮೋಟರ್‌ಬೈಕು ಸ್ಟಾರ್ಟಾದರೆ ಮೂರು ತಾಲ್ಲೂಕಿನ ಕೋಳಿಗಳು ಮೊಟ್ಟೆ ಇಡುವುದನ್ನು ಅರ್ಧಕ್ಕೇ ನಿಲ್ಲಿಸಿ ಎದ್ದು ನಿಲ್ಲುತ್ತಿದ್ದವು. ಅದರ ಹೊಗೆಗೆ ಪಿರಿಯಾಪಟ್ಟಣದ ಮೇಲೆ ಮೋಡ ಕಟ್ಟಿ ಎರಡು ಹದ ಮಳೆ ಬಿದ್ದದ್ದೂ ಉಂಟು. ಮೂವತ್ತೆರಡು ವರ್ಷದ ಹಿಂದೆ ಹೊಸ ಹೆಂಡತಿ ಸುನಂದಮ್ಮನನ್ನು ಅವನು ಇದೇ ಬೈಕಿನಲ್ಲಿ, ಅವಳ ತವರು ಅಂತರಸಂತೆಯಿಂದ ಕಬಿನಿ ಹಿನ್ನೀರಿನವರೆಗೆ ಕರೆದುಕೊಂಡು ಹೋಗಿದ್ದ. ಬೆಳಗಿನ ಜಾವ. ದಾರಿಯುದ್ದಕ್ಕೂ ಮಂಜು. ಎಂಥಾ ಮಂಜು ಅಂತೀರಿ, ಕೈ ಹಾಕಿ ಹಿಂಡಿದರೆ ಎರಡು ಬಿಂದಿಗೆ ಹಾಲು ಬರಬೇಕು, ಅಂಥದ್ದು.

ಆ ಮಂಜು ಸುನಂದಮ್ಮನ ತಲೆಯಿಂದ ಇಳಿದೇ ಇರಲಿಲ್ಲ. ಒಗ್ಗರಣೆಯ ಹೊಗೆ ಕಂಡರೂ ಸೌಟು ಹಿಡಿದು ಹಾಗೇ ನಿಂತುಬಿಡುತ್ತಿದ್ದಳು. "ರೀ, ಇನ್ನೊಂದು ಸಲ ಅದೇ ಬೈಕಲ್ಲಿ ಅದೇ ದಾರೀಲಿ ಓಗ್ಬರುವಾ" ಎಂದು ವರ್ಷಕ್ಕೊಮ್ಮೆ ಕೇಳುತ್ತಿದ್ದಳು. ಬೇರೇನನ್ನೂ ಕೇಳಿದವಳಲ್ಲ. ತಿಮ್ಮಯ್ಯನೂ ವರ್ಷಕ್ಕೊಮ್ಮೆ "ಆಯ್ತು ಕಣಮ್ಮಿ" ಎನ್ನುತ್ತಿದ್ದ. ಈಗ ಅವನ ಸೊಂಟ ಕೈಕೊಟ್ಟಿತ್ತು. ನಾಲ್ಕೈದು ಮೈಲಿಯಾದರೆ ಬೈಕು, ಅದಕ್ಕಿಂತ ದೂರ ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದರು. ಹಿಂದಿನ ದಿನವೇ ಹೋಗಿ ಅಂತರಸಂತೆಯಲ್ಲಿ ಅವಳ ತಮ್ಮನ ಮನೆಯಲ್ಲಿ ತಂಗೋಣವೆಂದರೆ ಸುನಂದಮ್ಮ ಒಪ್ಪಳು.

"ಅಲ್ಲಿ ಮುದ್ದೆ ಉಣ್ಣುಸ್ದೆ ಬುಡಾಕಿಲ್ಲ. ನಾವು ಕೈ ತೊಳ್ಯೋ ಒತ್ಗೆ ಮಂಜು ಎದ್ದು ಮೈಸೂರು ಸೇರ್ಕಂಡಿರ್ತದೆ."

ಹೀಗಿರುವಾಗ ಅಮೆರಿಕದವರು ಮನೆಯನ್ನೂ ಬೈಕನ್ನೂ ಒಂದೇ ಟ್ರೇಲರಿಗೆ ತುಂಬಿ ಎಳೆದುಕೊಂಡು ಹೋಗುವುದನ್ನು ತಿಮ್ಮಯ್ಯ ಫೋನಿನಲ್ಲಿ ಕಂಡ. ಹೊಗೆಸೊಪ್ಪಿನ ಬೇಲು ಹೊರುವ ಪಿಕಪ್ಪು ಮನೆಯಲ್ಲೇ ಇದೆ. ಅಷ್ಟೆತ್ತರಕ್ಕೆ ಬೈಕು ಎತ್ತಿಹಾಕಲು ಸೊಂಟ ಬಿಡದು. ಅದರ ಹಿಂದೊಂದು ಟ್ರೇಲರು, ಟ್ರೇಲರಿನೊಳಗೆ ಬೈಕು, ಬೈಕಿನ ಮುಂದೊಂದು ಮಂಚ. ನೀರಿನ ಹತ್ತಿರವೇ ಮಲಗಿ ಎದ್ದರೆ ಮಂಜು ಎಲ್ಲಿಗೆ ಓಡೀತು?

ಮರುದಿನವೇ ಗಂಡಹೆಂಡಿರು ಹುಣಸೂರಿನ ಕಂಠಪ್ಪನ ವೆಲ್ಡಿಂಗ್ ಶಾಪಿಗೆ ಬಂದರು. ಕಂಠಪ್ಪ ಕಿಡಿ ಹಾರಿಸಿದರೆ ನಾಗರಹೊಳೆಯ ಆನೆಗಳು ದೀಪಾವಳಿ ಬಂತೆಂದು ಮರಿ ಕಟ್ಟಿಕೊಂಡು ಕಾಡಿನೊಳಕ್ಕೆ ಓಡುತ್ತಿದ್ದವಂತೆ. ಅಂಗಳದಲ್ಲಿ ಹದಿನಾಲ್ಕು ಅಡಿಯ ಟ್ರೇಲರೊಂದು ನಿಂತಿತ್ತು. ಮುಂದೆ ಕಿಟಕಿ ಇಟ್ಟ ಕೋಣೆ, ಹಿಂದೆ ಬೈಕಿಗೆ ಜಾಗ. ಹಿಂಬಾಗಿಲು ಕೆಳಕ್ಕೆ ಬಿದ್ದರೆ ಅದೇ ಬೈಕು ಇಳಿಸುವ ಹಲಗೆ. ತಿಮ್ಮಯ್ಯನ ಕಣ್ಣಿಗೆ ಅರಮನೆಗೇ ಚಕ್ರ ಹಾಕಿದಂತೆ ಕಂಡಿತು.

"ನಿನ್ನ ಗಾಡಿ ಎಷ್ಟು ಎಳೀತದೆ ತಿಮ್ಮಯ್ಯಣ್ಣ?" ಎಂದ ಕಂಠಪ್ಪ.

"ಬೆಟ್ಟ ತೋರ್ಸು, ಬೆಟ್ಟ ಎಳೀತದೆ."

"ಗಾಡಿ ಪುಸ್ತಕದಲ್ಲಿ ಏನ್ ಬರ್ದದೆ?"

ಸುನಂದಮ್ಮ ಆಗಲೇ ಚೀಲದಿಂದ ಪುಸ್ತಕ ತೆಗೆದು ಹಾಳೆ ಮಡಿಸಿಟ್ಟಿದ್ದಳು. "ಏಳ್ನೂರೈವತ್ತು ಕೆಜಿ" ಎಂದು ಓದಿದಳು.

"ಅದ್ರ ಮ್ಯಾಲೆ ಒಂದು ಕೆಜಿ ಆದ್ರೂ ನಾನು ಹುಕ್ಕು ಹಾಕಾಕಿಲ್ಲ. ಎಳ್ಯೋದೇನು ದೊಡ್ಡದಲ್ಲ ಕಣಕ್ಕ, ಇಳಿಜಾರಲ್ಲಿ ನಿಲ್ಸೋದು ದೊಡ್ಡದು. ಹಿಂದಿನ್ದು ಮುಂದಿನ್ದ ತಳ್ಕಂಡು ಓಯ್ತದೆ."

ಟ್ರೇಲರಿನ ಖಾಲಿ ತೂಕ ಆರುನೂರ ನಲವತ್ತು. ಬೈಕು ನೂರಾಹತ್ತು. ತಿಮ್ಮಯ್ಯ ಕುಣಿದೇಬಿಟ್ಟ. "ನೋಡ್ದಾ! ಸರಿಯಾಗಿ ಏಳ್ನೂರೈವತ್ತು!"

"ಮಂಚ? ಹಾಸಿಗೆ? ಒಲೆ? ಸಿಲಿಂಡ್ರು?"

"ಅವೆಲ್ಲಾ ಗಾಳಿ ಇದ್ದಂಗೆ ಬುಡು."

"ಗಾಳೀನೂ ತೂಗ್ಬುಡುವಾ, ತಕಬಾ" ಎಂದ ಕಂಠಪ್ಪ.

ಭಾನುವಾರ ಸಾಮಾನೆಲ್ಲ ಬಂತು. ಸಾಮಾನಿನ ಜೊತೆಗೆ ನೆಂಟರೂ ಬಂದರು. ಕೆ.ಆರ್. ನಗರದಿಂದ ಸುನಂದಮ್ಮನ ಅಕ್ಕನ ಗಂಡ ಬೆಟ್ಟಸ್ವಾಮಿ ಖುದ್ದು ಹಾಜರಾದ. ಅವನು ಕಬ್ಬು ಬೆಳೆಯುವವನು. ಅವನ ಗದ್ದೆಯ ಒಂದು ಜಲ್ಲೆ ಒರಗಿಸಿದರೆ ಕಾವೇರಿಗೆ ಸೇತುವೆಯಾಗುತ್ತಿತ್ತು. ಎಲ್ಲವನ್ನೂ ತುಂಬಿ, ಪಕ್ಕದ ವೇ ಬ್ರಿಡ್ಜಿನ ಮೇಲೆ ಟ್ರೇಲರನ್ನಷ್ಟೇ ನಿಲ್ಲಿಸಿ ಪಿಕಪ್ಪನ್ನು ಕಳಚಿದರು. ನೆಂಟರು ಟ್ರೇಲರೊಳಗಿನ ಮಂಚದ ಮೇಲೇ ಕೂತಿದ್ದರು.

ಬೆಟ್ಟಸ್ವಾಮಿಗೆ ನಲವತ್ತು ವರ್ಷದ ರೂಢಿ. ಕಬ್ಬಿನ ಲೋಡು ತೂಕಕ್ಕೆ ನಿಂತಾಗ ಆಳುಗಳು ಇಳಿಯದಿದ್ದರೆ ಅಷ್ಟು ಲಾಭ. "ಯಾರೂ ಇಳೀಬ್ಯಾಡ್ರಲಾ! ಉಸ್ರು ಎಳ್ದು ಇಡ್ಕಳಿ!" ಎಂದು ಕೂಗಿದ. ಹುಟ್ಟಿದಾಗಿನಿಂದ ಹೊಗೆಸೊಪ್ಪು ತೂಗಿಸಿದ ಮಿಕ್ಕ ಐವರೂ ಎರಡನೇ ಮಾತಾಡದೆ ಕೆನ್ನೆ ಉಬ್ಬಿಸಿ ಕೂತರು.

ಸಾವಿರದ ಮುನ್ನೂರ ಮೂವತ್ತು ಎಂದು ಕೆಂಪಕ್ಷರ ಹೊಳೆಯಿತು. ಬೆಟ್ಟಸ್ವಾಮಿ ಚಪ್ಪಾಳೆ ತಟ್ಟಿದ.

"ಭಾವ, ಇದು ಮಾರೋ ಮಾಲಲ್ಲ. ಇಳೀರಿ ಕೆಳಕ್ಕೆ" ಎಂದಳು ಸುನಂದಮ್ಮ.

ಆರೂ ಜನ ನಾಚಿಕೊಂಡು ಇಳಿದರು. ಒಂಬೈನೂರು. ಬೈಕು ಇಳಿಸಿದರು. ಏಳುನೂರ ತೊಂಬತ್ತು. ಬೈಕಿಲ್ಲದೆಯೂ ನಲವತ್ತು ಹೆಚ್ಚು!

ತಿಮ್ಮಯ್ಯ ಅಲ್ಲೇ ಕುಸಿದು ಕೂತ. ಅವನು ಬಿಟ್ಟ ನಿಟ್ಟುಸಿರಿಗೆ ಹುಣಸೂರು ಬಸ್‌ಸ್ಟ್ಯಾಂಡಿನ ಬೋರ್ಡುಗಳೆಲ್ಲ ತಿರುಗಿ ಊರುಗಳೇ ಅದಲುಬದಲಾದವು. ಬೈಕು ಬಿಟ್ಟರೆ ಹೋಗುವುದೇತಕ್ಕೆ? ಹಾಸಿಗೆ ಬಿಟ್ಟರೆ ಅವಳು ಮಲಗುವುದೆಲ್ಲಿ? ಮೂವತ್ತೆರಡು ವರ್ಷದಲ್ಲಿ ಅವಳು ಕೇಳಿದ್ದು ಒಂದೇ ಒಂದು.

ಸುನಂದಮ್ಮ ಮಾತ್ರ ಅಂಗಳದ ಮೂಲೆಗೆ ನಡೆದಿದ್ದಳು. ಅಲ್ಲಿ ಎಂಟಡಿಯ ಪುಟ್ಟ ಟ್ರೇಲರಿತ್ತು. ಅರ್ಧ ಗೋಡೆ, ಮೇಲೆ ಟಾರ್ಪಾಲಿನ ಗೂಡು, ಖಾಲಿ ತೂಕ ನಾನೂರಾಹತ್ತು. ಒಳಗೆ ಹೋಗಿ ನಿಂತು, ಅರೆಗಣ್ಣು ಮುಚ್ಚಿ, ಎರಡೂ ಕೈ ಚಾಚಿದಳು.

"ಅದ್ರಲ್ಲಿ ಬೈಕು ನಿಂತ್ರೆ ಮುಗೀತು ಕಣಮ್ಮಿ. ನಾವು ಹ್ಯಾಂಡಲ್ಗೆ ನೇತಾಕ್ಕಂಡು ಮಲಗ್ಬೇಕಾ?"

"ಊರು ಸೇರುದ್ ಮ್ಯಾಲೆ ಬೈಕು ಒಳಗ್ಯಾಕಿರ್ತದೆ? ಸೊಪ್ಪಿನ ಕಾಲ್ದಲ್ಲಿ ನಾವೆಲ್ಲಿ ಮಲಗ್ತೀವಿ ಏಳಿ. ಅಗಲೆಲ್ಲಾ ನಡುಮನೆ ತುಂಬಾ ಸೊಪ್ಪು ಅರಡ್ಕಂಡು ಗ್ರೇಡ್ ಮಾಡ್ತೀವಿ. ಸಂಜೆ ಕಟ್ಟಿ ಜಗಲಿಗಾಕಿ, ಅದೇ ಜಾಗದಲ್ಲಿ ಚಾಪೆ ಬಿಡಿಸ್ತೀವಿ. ಸೊಪ್ಪಿಗೊಂದು ಮನೆ, ನಮಗೊಂದು ಮನೆ ಅಂತ ಕಟ್ಸಿದ್ದೀರಾ?"

ತಿಮ್ಮಯ್ಯ ಎದ್ದು ಬೈಕನ್ನು ಅಲ್ಲಿಗೇ ತಳ್ಳಿಕೊಂಡು ಬಂದ. ಕಂಠಪ್ಪ ನಗುತ್ತಾ ಬೈಕು ಹತ್ತಿಸಿ, "ಇದ್ರ ಭಾರ ಚಕ್ರದ ಅಚ್ಚಿಗಿಂತ ಒಂದು ಗೇಣು ಮುಂದಿರ್ಲಿ. ಹಿಂದಾದ್ರೆ ಟ್ರೇಲರು ಬಾಲ ಆಡುಸ್ತದೆ" ಎಂದು ಹಗ್ಗ ಬಿಗಿದ. ಮಂಚ ಮನೆಗೆ ವಾಪಸಾಯಿತು. ಹಾಸಿಗೆ, ಒಲೆ, ಪಾತ್ರೆ, ಬೈಕು ಎಲ್ಲ ಸೇರಿ ಆರುನೂರಾಹತ್ತು. ಅದನ್ನು ತೂಗುವಷ್ಟು ಹೊತ್ತೂ ಬೆಟ್ಟಸ್ವಾಮಿಯನ್ನು ಇಬ್ಬರು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಮುಂದಿನ ವಾರ ಹೊರಟರು. ಗುರುಪುರದ ಹತ್ತಿರ ಟಿಬೆಟಿನವರ ಬಣ್ಣದ ಬಾವುಟಗಳು ಗಾಳಿಗೆ ಏನನ್ನೋ ಗುನುಗುತ್ತಿದ್ದವು. ಹೊತ್ತಿಳಿಯುವಾಗ ಅಂತರಸಂತೆಯಾಚೆ, ಸುನಂದಮ್ಮನ ಬಾಲ್ಯದ ಗೆಳತಿ ಭದ್ರಮ್ಮನ ಹೊಲದಲ್ಲಿ ಗಾಡಿ ನಿಲ್ಲಿಸಿ ಬೈಕು ಇಳಿಸಿದರು. ಬೈಕು ನಿಂತಿದ್ದ ಜಾಗದಲ್ಲಿ ಸುನಂದಮ್ಮ ಹಾಸಿಗೆ ಹಾಸಿದಳು. ದಿಂಬಿಗೆ ಪೆಟ್ರೋಲು ವಾಸನೆ. ಅವಳು ಮಲ್ಲಿಗೆ ಮೂಸಿದಂತೆ ಮೂಸಿ ಕಣ್ಣು ಮುಚ್ಚಿದಳು.

ಎದ್ದಾಗ ಲೋಕವೇ ಇರಲಿಲ್ಲ. ಮಂಜು ಹೊಲವನ್ನು ನುಂಗಿ, ಪಿಕಪ್ಪನ್ನು ನುಂಗಿ, ತಿಮ್ಮಯ್ಯನ ಮೀಸೆಯ ಒಂದು ತುದಿಯನ್ನೂ ನುಂಗಿತ್ತು. ಅವನು ತಡವಿಕೊಂಡು ಬೈಕು ಹತ್ತಿದ. ಸುನಂದಮ್ಮ ಹಿಂದೆ ಕೂತು ಅವನ ಹೆಗಲು ಹಿಡಿದಳು. ಬೈಕು ಎಷ್ಟು ಮೆಲ್ಲಗೆ ಹೋಯಿತೆಂದರೆ, ಬೇಲಿಯ ಮೇಲಿನ ಬಸವನಹುಳು ಎರಡು ಸಲ ಮುಂದೆ ಹೋಗಿ ಇವರಿಗಾಗಿ ಕಾದು ನಿಂತಿತ್ತು.

"ಏನೂ ಕಾಣಾಕಿಲ್ವಲ್ಲಮ್ಮಿ. ನೀರು ಎಲ್ಲೈತೋ!"

"ಆವತ್ತೂ ಕಂಡಿರ್ಲಿಲ್ಲ" ಎಂದಳು ಅವಳು, ಕೆನ್ನೆಯನ್ನು ಅವನ ಬೆನ್ನಿಗೆ ಒತ್ತಿ. "ನೀವು ಮಾತ್ರ ಕೋಟೆ ಕಂಡೆ, ಆನೆ ಇಂಡು ಕಂಡೆ, ಚಿನ್ನದ ಮೀನು ಕಂಡೆ ಅಂತ ಬಿಟ್ಟಿದ್ದೇ ಬಿಟ್ಟಿದ್ದು. ನಾನು ಕಣ್ಮುಚ್ಕಂಡು ಕೇಳ್ತಾ ಕೂತಿದ್ದೆ. ಈಗ್ಲೂ ಹೇಳಿ, ಏನೇನ್ ಕಾಣ್ತದೆ?"

ತಿಮ್ಮಯ್ಯ ಗಂಟಲು ಸರಿಮಾಡಿಕೊಂಡ. ಎದುರಿಗೆ ಬರೀ ಬಿಳುಪು.

"ಅಗೋ ಕಣಮ್ಮಿ" ಎಂದ, "ಎಡಗಡೆ ನೋಡು, ಏಳು ನವಿಲು ಸಾಲಾಗಿ ದೋಣಿಗೆ ಹುಟ್ಟಾಕ್ಕಂಡು ಬತ್ತಾವೆ."