ಕುಂತು ಹೋದ ಹಂಪಯ್ಯ

“ಮಲಗಿಸಿದರಷ್ಟೇ ಗಾಡಿಗೆ ಹಾಕ್ತೀನಮ್ಮಾ,” ಎಂದು ತೆಲುಗಿನಲ್ಲಿ ಹೇಳಿ, ಶವದ ವ್ಯಾನಿನವನು ಗಾಡಿಯ ಬಾಗಿಲು ದಡಕ್ಕನೆ ಮುಚ್ಚಿದ.

ಮಲಗಿಸುವುದು ಹೇಗೆ? ನಸುಕಿನಲ್ಲಿ ಹಂಪಯ್ಯನ ಜೀವ ಹೋದ ಕೂಡಲೇ ಜಂಗಮ ಅಮರಯ್ಯನವರು ಲಿಂಗವಂತರ ಪದ್ಧತಿಯಂತೆ ಅವನನ್ನು ತಗಡಿನ ಗೋಡೆಗೆ ಆನಿಸಿ, ಚಕ್ಕಳಮಕ್ಕಳ ಹಾಕಿಸಿ, ಅಂಗೈಯಲ್ಲಿ ಲಿಂಗವಿಟ್ಟು ಕೂರಿಸಿದ್ದರು. ಮೈ ಹಾಗೇ ಸೆಟೆದಿತ್ತು. ಹೆಂಡತಿ ಗಂಗಾಬಾಯಿ ಕಂಗಾಲಾಗಿ ನಿಂತಳು.

“ಆಟೋದಾಗ ಕುಂದರ್ಸೋಣು, ಯಕ್ಕಾ. ನಾ ಹಿಡ್ಕೋತೀನಿ,” ಎಂದ ಲಿಂಗಣ್ಣ. ಹಂಪಯ್ಯನ ಜೊತೆ ಇಪ್ಪತ್ತು ವರ್ಷ ಪಾಯ ತೋಡಿದವನು.

*

ಅವನಿದ್ದಾಗ, ಲಿಂಗಂಪಲ್ಲಿ ಬಸ್ಸಿನಲ್ಲಿ ಒಂದು ಸೀಟು ಸಿಕ್ಕರೆ ಅದು ಗಂಗಾಬಾಯಿಗೆ. ಹಂಪಯ್ಯ ಕಂಬಿ ಹಿಡಿದು ನಿಂತೇ ಕಿಟಕಿಯಾಚೆ ಬೆರಳು ತೋರಿಸುತ್ತಿದ್ದ: “ಈ ಬಿಲ್ಡಿಂಗಿನ ಪಾಯ ನಂದು ನೋಡು. ಅದೂ ನಂದ.” ಹೆಮ್ಮೆಗೇನು ಕಡಿಮೆ! ಆ ಬಿಲ್ಡಿಂಗುಗಳ ಒಳಗೆ ಅವನನ್ನು ಬಿಟ್ಟುಕೊಂಡವರು ಮಾತ್ರ ಯಾರೂ ಇಲ್ಲ.

“ನೀವೂ ಒಮ್ಮೆರ ಕುಂದರ್ರಿ,” ಎಂದರೆ ನಗುತ್ತಿದ್ದ.

“ಸತ್ತ ಮ್ಯಾಲ ಕುಂತ ಹೋಗಾಂವ ಅದೀನಲ್ಲ, ಗಂಗೀ. ಕುಣ್ಯಾಗೂ ಕುಂತೇ ಇರ್ತೀನಿ. ಅವಸರೇನೈತಿ?”

*

ಮಲ್ಕಾಜ್‌ಗಿರಿಯಾಚೆಯ ರುದ್ರಭೂಮಿ ಮುಟ್ಟುವಷ್ಟರಲ್ಲಿ ಹೊತ್ತು ವಾಲಿತ್ತು. ದಾರಿಯ ಸಿಗ್ನಲ್ಲಿನಲ್ಲಿ ಹೂ ಮಾರುವವಳೊಬ್ಬಳು ಆಟೋದೊಳಗೆ ಇಣುಕಿ, ಕೈಮುಗಿದು, ಒಂದು ಮೊಳ ಮಲ್ಲಿಗೆಯನ್ನು ಹಂಪಯ್ಯನ ಕೊರಳಿಗೆ ಹಾಕಿದಳು. ಅಷ್ಟಕ್ಕೇ ತಡವಾಯಿತೆಂದು ಕಾರಿನವನೊಬ್ಬ ಹಾರ್ನು ಹೊಡೆದು ಅವಳ ತಾಯಿಯನ್ನೂ ಸೇರಿಸಿ ಬೈದ. ಹಿಂದಿನ ಆಟೋದಲ್ಲಿದ್ದ ಗಂಗಾಬಾಯಿ ಎರಡನ್ನೂ ನೋಡಿದಳು. ಇಂಥದ್ದೇ ಊರು ಇದು.

ಕುಣಿ ತೋಡಲು ಮುಂಚೆಯೇ ಬಂದಿದ್ದ ಗೆಳೆಯರು ಹಾರೆ ಕೆಳಗಿಟ್ಟು ನಿಂತಿದ್ದರು. ಮೂರಡಿಗೇ ಬಂಡೆ ಹತ್ತಿತ್ತು. ಉಳಿದಿದ್ದ ಜಾಗ ಅದೊಂದೇ, ಆರಕ್ಕೆ ಗೇಟು ಮುಚ್ಚುತ್ತಾರೆ. ಲಿಂಗಣ್ಣ ತಾನೂ ಹಾರೆ ಹಾಕಿದ. ಕಿಡಿ ಹಾರಿತೇ ಹೊರತು ಚೂರೂ ಏಳಲಿಲ್ಲ.

“ಹಂಪಣ್ಣ ಇದ್ದಿದ್ರ ಒಡೀತಿದ್ದ,” ಎಂದು ಅತ್ತೇಬಿಟ್ಟ. “ಕುಂದ್ರಸಾಕ ಆಳ ಸಾಲಂಗಿಲ್ಲ, ಯಕ್ಕಾ. ಮಗ್ಗಲಾಗಿ ಮಲಗ್ಸಬೇಕು.”

“ಶಿವ ಒಪ್ಕೋತಾನವ್ವಾ,” ಎಂದರು ಅಮರಯ್ಯನವರು, ನೆಲ ನೋಡುತ್ತ.

ಗಂಗಾಬಾಯಿ ಕುಣಿಯೊಳಗೆ ಬಗ್ಗಿ ನೋಡಿದಳು. ಊರಿಗೆಲ್ಲ ಆಳ ತೋಡಿಕೊಟ್ಟವನಿಗೆ ಇನ್ನೆರಡಡಿ ಇಲ್ಲವೇ! ಯಾರನ್ನು ಬೈಯುವುದು, ಬಂಡೆಯನ್ನೇ?

“ಆತು,” ಎಂದಳು ಕೊನೆಗೆ. “ಆದ್ರ ಒಂದ್ ಗಳಿಗಿ ತಡೀರಿ.”

ಆಟೋ ಹತ್ತಿ ಗಂಡನ ಮಗ್ಗುಲಲ್ಲಿ ಕೂತಳು. ಸೆರಗು ಸರಿಮಾಡಿಕೊಂಡು, ಅವನ ತೋಳಿಗೆ ತೋಳು ಆನಿಸಿದಳು. ಗೇಟಿನವನು ಬೀಗದ ಕೈ ಆಡಿಸುತ್ತ ಕಾದ. ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತಿದ್ದರು.