ಪಾಠದ ಕೊನೆಯ ವಂದನೆ

ಪಾಠದ ನಡುವೆಯೇ ಬ್ಯಾಲೆ ಗುರು ಎವ್ಲಾಲಿಯಾ ಪಾವ್ಲೊವ್ನಾರನ್ನು ರಹಸ್ಯ ಪೊಲೀಸರು ಹಿಡಿದುಕೊಂಡು ಹೋದರು. ಅವರ ಮೇಲೆ ದೂರು ಕೊಟ್ಟ ಇಪ್ಪೊಲಿತ್ ಕಾರ್ಲೊವಿಚ್‌ಗೆ ಮರುದಿನವೇ ಅವರ ತರಗತಿಯನ್ನು ವಹಿಸಿದರು.

ಲೆನಿನ್‌ಗ್ರಾಡಿನ ಆ ರಂಗಮಂದಿರದಲ್ಲಿ ಕಾಲು ಜಾರದಿರಲೆಂದು ಎಂದಿನಂತೆ ಮರದ ನೆಲಕ್ಕೆ ನೀರು ಚಿಮುಕಿಸಿದರು. ಬೀದಿಗೋಡೆಗಳ ಮೇಲೆಲ್ಲ ಗ್ಲಾಫಿರಾ ಲ್ವೊವ್ನಾಳ ಹೆಸರಿತ್ತು. ಭಾನುವಾರ ಅವಳ ಹೊಸ ಬ್ಯಾಲೆ. ಟಿಕೆಟಿಗಾಗಿ ಜನ ಹಿಮದಲ್ಲಿ ಸಾಲುಗಟ್ಟಿದ್ದರು.

ಹೆಸರು ಅವಳದು, ಮೈ ಎವ್ಲಾಲಿಯಾ ಕಟ್ಟಿದ್ದು. ಬಟ್ಟೆ ಒಗೆಯುವವಳ ಮಗಳಾದ ಗ್ಲಾಫಿರಾ ನೃತ್ಯಶಾಲೆಯ ಬಾಗಿಲಿಗೆ ಬಂದಾಗ, ಪಾದ ಚಪ್ಪಟೆ ಎಂದು ಪರೀಕ್ಷಕರು ಆಚೆಗೆ ತಳ್ಳಿದ್ದರು. "ಕಣ್ಣು ನೋಡ್ರಪ್ಪ, ಹಸಿದ ಹುಡುಗಿ. ಹಸಿದವಳು ಕುಣೀತಾಳೆ," ಎಂದು ಒಳಗೆ ಎಳೆದುಕೊಂಡವರು ಎವ್ಲಾಲಿಯಾ. ಅಂತರ್ಯುದ್ಧದ ಚಳಿಯಲ್ಲಿ ತಮ್ಮ ಪಾಲಿನ ಕರಿ ರೊಟ್ಟಿ ಮುರಿದುಕೊಟ್ಟವರು. ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿದ ದಿನವೂ, "ಎಡಗೈ ಸತ್ತುಬಿದ್ದಿತ್ತು ಕಣೇ, ನಾಳೆ ಬೇಗ ಬಾ," ಎಂದವರು.

ಇಪ್ಪೊಲಿತನ ಮೊದಲ ಪಾಠಕ್ಕೆ ಮುಂಚೆ ನಿರ್ದೇಶಕ ಸಮೊಯ್ಲೊವ್ ಅವಳನ್ನು ಕೋಣೆಗೆ ಕರೆಸಿದ್ದ.

"ಕೂತ್ಕೊಳ್ಳಿ, ಗ್ಲಾಫಿರಾ ಲ್ವೊವ್ನಾ. ಚಹಾ ತಗೊಳ್ಳಿ. ಇವತ್ತು ಪತ್ರಿಕೆಯವರು ಫೋಟೊ ತೆಗೆಯೋಕೆ ಬರ್ತಾರೆ. ಪಾಠ ಮುಗಿಯುವಾಗ ಇಪ್ಪೊಲಿತ್ ಕಾರ್ಲೊವಿಚ್‌ಗೆ ನೀವು ಮೊದಲು ಬಾಗ್ಬೇಕು. ನೀವು ಬಾಗಿದ್ರೆ ಎಲ್ಲಾರೂ ಬಾಗ್ತಾರೆ."

"ಬಾಗದಿದ್ರೆ?"

ಅವನು ಸಕ್ಕರೆಯ ತುಂಡನ್ನು ಹಲ್ಲಲ್ಲಿ ಕಚ್ಚಿ ಚಹಾ ಹೀರಿದ. "ನಿಮ್ಮ ಪಾತ್ರ ಇನ್ನೊಬ್ಬಳೂ ಕಲ್ತಿದ್ದಾಳೆ. ಅಲ್ಲದೆ, ನಿನ್ನೆ ಬಂದಿತ್ತಲ್ಲ ಗಾಡಿ, ಅದ್ರಲ್ಲಿ ಇನ್ನೂ ಜಾಗ ಇತ್ತಂತೆ."

ಬ್ಯಾಲೆಯವರ ಕಟ್ಟಳೆಯೇ ಹಾಗೆ. ಗುರುವಿಗೆ ಬಾಗಿ ವಂದಿಸುವ ತನಕ ಪಾಠ ಮುಗಿದಂತಲ್ಲ. ಬಾಗದೆ ಯಾರೂ ಹೊಸ್ತಿಲು ದಾಟುವುದಿಲ್ಲ. ಬಾಗಿದವಳು, ಎದುರಿಗಿರುವವನನ್ನು ಗುರುವೆಂದು ಒಪ್ಪಿದಂತೆ.

ಇಪ್ಪೊಲಿತ್ ಪಾಠ ಶುರುಮಾಡಿದ. ಅವನೂ ಎವ್ಲಾಲಿಯಾ ಬೆಳೆಸಿದವನೇ. ಅವರು ಹೇಳಿಕೊಟ್ಟ ಅಡವುಗಳನ್ನೇ, ಅದೇ ಕ್ರಮದಲ್ಲಿ, ಒಂದನ್ನೂ ಬದಲಿಸದೆ ಹೇಳತೊಡಗಿದ. ಉಂಡ ಮನೆಗೆ ಬೆಂಕಿಯಿಟ್ಟವನು ಅದೇ ಮನೆಯ ತಟ್ಟೆಯಲ್ಲಿ ಎಲ್ಲರಿಗೂ ಬಡಿಸುತ್ತಿದ್ದ. ಎಲ್ಲರೂ ತಲೆ ತಗ್ಗಿಸಿ ಉಣ್ಣುತ್ತಿದ್ದರು.

"ಅವನ ಮೊಣಕಾಲು ನೋಡೇ," ಪಕ್ಕದಲ್ಲಿ ಗೋಡೆಯ ಹಿಡಿಗೋಲು ಹಿಡಿದು ನಿಂತಿದ್ದ ಗೆಳತಿ ಮೂಸ್ಯಾ ಪಿಸುಗುಟ್ಟಿದಳು. "ನಮ್ಮಜ್ಜಿ ಮೇಕೇದೂ ಇದಕ್ಕಿಂತ ಚೆನ್ನಾಗಿತ್ತು."

"ಸುಮ್ನಿರೇ."

"ನಿನ್ನೆ ಪಾಠಾನೇ ಮುಗಿದಿಲ್ಲ ನೋಡು. ನಾವು ಅವರಿಗೆ ಬಾಗ್ಲೇ ಇಲ್ವಲ್ಲ." ಮೂಸ್ಯಾಳ ನಗು ಅಲ್ಲೇ ಬತ್ತಿತು. "ಆದ್ರೂ ಬಾಗಿಬಿಡು ಗ್ಲಾಷಾ. ಸೊಂಟಕ್ಕೇನು ಮಾನ ಇರುತ್ತಾ? ಬದುಕ್ಕೊಂಡ್ರೆ ಸಾಕು."

ಗ್ಲಾಫಿರಾ ಮುಖ ತಿರುಗಿಸಿದಳು. ಬಾಗಿಲ ಬಳಿ, ನಿನ್ನೆಯ ಗಾಡಿಯಲ್ಲಿ ಬಂದಿದ್ದವರಲ್ಲೊಬ್ಬ, ಚರ್ಮದ ಕೋಟಿನವನು, ಬಂದು ನಿಂತಿದ್ದ. ಟೊಪ್ಪಿಯ ಮೇಲಿನ ಹಿಮ ಕರಗಿ ನೆಲಕ್ಕೆ ತೊಟ್ಟಿಕ್ಕುತ್ತಿದ್ದರೂ ಅವನು ಅದನ್ನು ತೆಗೆಯಲಿಲ್ಲ.

ಕಡೆಗೆ ಪಿಯಾನೊ ನಿಧಾನವಾಯಿತು. ಎಲ್ಲರೂ ಸಾಲಾಗಿ ನಿಂತರು. ಮುಂದೆ ಗ್ಲಾಫಿರಾ, ಎದುರಿಗೆ ಇಪ್ಪೊಲಿತ್. ಫೋಟೊದವನು ಕ್ಯಾಮೆರಾ ಎತ್ತಿದ. ಬಾಲ್ಯದಿಂದ ರೂಢಿಯಾದ ಕಾಲು ಅವಳನ್ನು ಕೇಳದೆಯೇ ಹಿಂದಕ್ಕೆ ಸರಿಯಿತು. ಮೊಣಕಾಲು ಮಡಿಯತೊಡಗಿತು. ಇಪ್ಪೊಲಿತನ ಮುಖದಲ್ಲಿ ನಗು ಮೂಡಿತು.

ಅವಳು ಕಾಲನ್ನು ಎಳೆದುಕೊಂಡು ನೆಟ್ಟಗೆ ನಿಂತಳು.

ಪಿಯಾನೊ ತಡವರಿಸಿ ನಿಂತುಹೋಯಿತು.

"ಗ್ಲಾಫಿರಾ ಲ್ವೊವ್ನಾ," ಫೋಟೊದವನ ಪಕ್ಕದಲ್ಲಿದ್ದ ಸಮೊಯ್ಲೊವ್ ಮೆಲ್ಲಗೆ ಅಂದ. ಬಾಗಿಲಲ್ಲಿದ್ದವನು ಒಂದು ಹೆಜ್ಜೆ ಒಳಗೆ ಬಂದ. "ಎಲ್ಲಾರೂ ಕಾಯ್ತಿದಾರೆ. ಬಾಗಿ."

"ಕಾಯಲಿ," ಅಂದಳು ಅವಳು. "ನಾನು ಬಾಗಲ್ಲ."