ಮೀಟರಿಗೆ ಮೊದಲ ಸಲಾಮು

ಸಲಾವುದ್ದೀನ ಯಾರ ಮನೆಗೆ ಹೋದರೂ ಮೊದಲು ಮನೆಯವರ ಮುಖ ನೋಡುತ್ತಿರಲಿಲ್ಲ. ಪಡಸಾಲೆಯ ಮೀಟರಿನ ಹಲಗೆಗೆ, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ, ಬಲಗೈ ಹಿಂಬದಿಯನ್ನು ತಾಗಿಸಿ ಒಂದು ಕ್ಷಣ ಸುಮ್ಮನೆ ನಿಂತು, ಆಮೇಲೆ "ಆರಾಮ ಇದ್ದೀರೇನ್ರಿ" ಎನ್ನುತ್ತಿದ್ದ. ಮದುವೆ ಮನೆಯಾದರೂ ಅಷ್ಟೆ, ಸಾವಿನ ಮನೆಯಾದರೂ ಅಷ್ಟೆ.

ಏಳನೇ ಇಯತ್ತೆಯವರೆಗೆ ನಾವಿಬ್ಬರೂ ಒಂದೇ ಬೆಂಚು. ನಾನು ಮಾಸ್ತರನಾದೆ, ಅವನು ಆಳಂದದ ಮನೆಗಳಿಗೆ ನಲವತ್ತು ವರ್ಷ ವೈರಿಂಗ್ ಮಾಡಿದ. ಎಡಗಾಲನ್ನು ತುಸು ಎಳೆದು ನಡೆಯುತ್ತಿದ್ದ. ಸುಡುವ ಬೇಸಿಗೆಯಲ್ಲೂ ಮೈಮೇಲೆ ಅದೇ ಖಾಕಿ ಕೋಟು, ಅದರ ಜೇಬಿನಲ್ಲಿ ಟೆಸ್ಟರು, ಅಡಕೆಯ ಡಬ್ಬಿ, ಫ್ಯೂಸಿನ ತೆಳು ತಂತಿಯ ಸುರುಳಿ. ಮನೆಯ ಸಾಮಾನುಗಳ ವ್ಯಾಟನ್ನೆಲ್ಲ ಕೂಡಿಸಿ, ಯಾವುದರ ಜೊತೆ ಯಾವುದನ್ನು ಹಚ್ಚಬಾರದು ಎಂದು ಮೀಟರಿನ ಪಕ್ಕದ ಗೋಡೆಯ ಮೇಲೆ ಬರೆದಿಡುತ್ತಿದ್ದ. ಮೀಟರಿನ ಸೀಲನ್ನು ಮಾತ್ರ ಎಂದೂ ಮುಟ್ಟಲಿಲ್ಲ. "ಸೀಲಿನ ಆಕಡಿ ಸರಕಾರದ್ದು, ಈಕಡಿ ನಂದು" ಎಂದು, ಲೈನ್‌ಮನ್ ಬರುವ ತನಕ ಕಟ್ಟೆಯ ಮೇಲೆ ಕೂತಿರುತ್ತಿದ್ದ.

ನೆರೆಯ ಅಜೀಜಾಬಿ ಒಮ್ಮೆ ತಕರಾರು ತೆಗೆದಳು: "ಇಸ್ತ್ರಿ ಹಚ್ಚಿದ್ರ ಗೀಜರ್ ಹಚ್ಚಬ್ಯಾಡ್ರಿ ಅಂತೀರಿ ಭಾಯಿ. ಜಳಕಾ ಮಾಡ್ಲೋ, ಇಸ್ತ್ರಿ ಸೀರಿ ಉಡ್ಲೋ?"

"ಮೊದ್ಲ ಜಳಕಾ ಮಾಡ್ರಿ ಆಪಾ. ಸೀರಿ ಎಲ್ಲೂ ಓಡಿ ಹೋಗಂಗಿಲ್ಲ."

ಹೋದ ವರ್ಷದ ಮೇ ತಿಂಗಳು. ನನ್ನ ಮಗಳು ನರ್ಮದಾ ಬಾಣಂತನಕ್ಕೆ ಬಂದಿದ್ದಳು; ಕೂಸಿಗೆ ಹತ್ತು ದಿನ. ಕೂಲರು, ಫ್ರಿಜ್ಜು, ಮೋಟಾರು ಎಲ್ಲ ಒಟ್ಟಿಗೆ ನಡೆದು ದಿನಕ್ಕೆ ಮೂರು ಸಲ ಫ್ಯೂಸು ಹೋಗುತ್ತಿತ್ತು. ಸಲಾವುದ್ದೀನ ಕೆಲಸಕ್ಕೆಂದು ಅಫಜಲಪುರಕ್ಕೆ ಹೋಗಿದ್ದ. ನಮ್ಮ ಓಣಿಯ ಎಲ್ಲರೂ ಮಾಡುವಂತೆ ನಾನೂ ಹಳೆಯ ಇಸ್ತ್ರಿಯ ವೈರು ಸುಲಿದು, ತಾಮ್ರದ ನಾಲ್ಕಾರು ಎಳೆ ಹೊಸೆದು ಫ್ಯೂಸಿಗೆ ಕಟ್ಟಿದೆ. ಮತ್ತೆ ಹೋಗಲಿಲ್ಲ. ನನಗೆ ಹೆಮ್ಮೆಯೇ ಆಯಿತು.

ಮೂರನೆಯ ದಿನ ಮಧ್ಯಾಹ್ನ ಕೂಸನ್ನು ನೋಡಲು ಹೆಂಡತಿ ಚಾಂದಬೀಯ ಜೊತೆ ಬಂದ ಸಲಾವುದ್ದೀನ ಹಲಗೆ ಮುಟ್ಟಿ ಸರಕ್ಕನೆ ಕೈ ಎಳೆದುಕೊಂಡ. ಮೇನ್ ಸ್ವಿಚ್ಚು ಇಳಿಸಿ, ಫ್ಯೂಸು ಕಿತ್ತು ಕೋಟಿನ ಜೇಬಿಗೆ ಹಾಕಿದ. ಕೂಲರು ನಿಂತಿತು. ಒಳಗೆ ಕೂಸು ಎದ್ದು ಅಳತೊಡಗಿತು.

"ಲೇ, ಏನ್ ಮಾಡಾಕತ್ತಿ? ಹನ್ನೆರಡು ದಿನದ ಕೂಸು ಅದ ಒಳಗ!" ಎಂದೆ ನಾನು.

"ಅದಕ್ಕ ತೆಗ್ದೇನಿ."

"ಬಿಸಿಲು ಇಳಿಯೋತನ ಒಂದ್ ತಾಸು ಇರಲಿ."

"ಒಂದ್ ನಿಮಿಷ ಇಲ್ಲ. ಮಾಸ್ತರ ಆಗಿ ಫ್ಯೂಸಿಗಿ ಹಗ್ಗ ಕಟ್ಟೀಯಲ್ಲೋ ಹರಿ! ಸುಡಬೇಕಾದ್ದು ಫ್ಯೂಸು, ನಿನ್ನ ಮನಿ ಅಲ್ಲ."

"ಕೂಸಿಗಿ ಏನಾರ ಆದ್ರ ನಿನ್ನ ಮುಖ ನೋಡಂಗಿಲ್ಲ."

"ನೋಡಬ್ಯಾಡ."

ಚಾಂದಬೀ ಆಗಲೇ ಸೀರೆಗಳನ್ನು ನೀರಿಗೆ ಅದ್ದಿ ಬಾಗಿಲು, ಕಿಟಕಿಗೆ ಕಟ್ಟುತ್ತಿದ್ದಳು. ಅವನು ಹಲಗೆ ಬಿಚ್ಚಿದ. ಹಿಂದಿನ ವೈರುಗಳ ಮೇಲ್ಪದರ ಕರಗಿ ಒಂದಕ್ಕೊಂದು ಅಂಟಿತ್ತು. ಹಲಗೆಯ ಬೆನ್ನು ಒಲೆ ಮೇಲಿನ ಗಡಿಗೆಯ ತಳದಂತೆ ಕಪ್ಪಾಗಿತ್ತು. ಆ ಗೋಡೆಯ ಆಚೆ ಬದಿಗೇ ಬಾಣಂತಿಯ ಮಂಚ. ಅವನು ನನ್ನ ಕೈ ಹಿಡಿದು ಬಿಸಿ ಗೋಡೆಯ ಮೇಲೆ ಇಟ್ಟ, ಅಷ್ಟೆ.

ಹೊತ್ತು ಮುಳುಗುವುದರೊಳಗೆ ಹಲಗೆ ಬದಲಿಸಿ, ಕೂಲರಿಗೆ ಬೇರೆ ವೈರು ಎಳೆದು, ಫ್ಯೂಸಿಗೆ ತೆಳು ತಂತಿಯನ್ನೇ ಕಟ್ಟಿದ. ಮರುದಿನ ಲೋಡು ಹೆಚ್ಚಿಸುವ ಅರ್ಜಿ ತಂದ. ನಾನು ಸಹಿ ಹಾಕಿದೆ. ಹದಿನೈದು ದಿನ ಅವನ ಕಡೆ ಹೋಗಲಿಲ್ಲ. ಸಿಟ್ಟು ಇಳಿದಿತ್ತು, ನಾಚಿಕೆ ಇಳಿದಿರಲಿಲ್ಲ. ಕೊನೆಗೆ ಅವನೇ ಬಂದು ಚಹಾ ಕೇಳಿದ. ಚಹಾ ಕೊಟ್ಟೆ. ತಪ್ಪಾಯಿತು ಎಂಬ ಮಾತು ಬಾಯಿಗೆ ಬರಲಿಲ್ಲ.

ಹೋದ ತಿಂಗಳು ಜೇವರ್ಗಿಯಲ್ಲಿರುವ ತನ್ನ ಮಗಳ ಮನೆಗೆ ಹೋಗಿದ್ದ ಸಲಾವುದ್ದೀನನಿಗೆ ಎದೆನೋವು ಬಂತು, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡ. ನರ್ಮದಾಳ ಕೂಸು ಈಗ ಗೋಡೆ ಹಿಡಿದು ನಡೆಯುತ್ತದೆ.

ಕೇಳಿದ್ದಕ್ಕೆಲ್ಲ ಹೂಂ ಎನ್ನುವ ಗೆಳೆಯರು ಊರ ತುಂಬ ಸಿಗುತ್ತಾರೆ. ಅವರ ಜೊತೆ ಹೊತ್ತು ಚೆನ್ನಾಗಿಯೇ ಹೋಗುತ್ತದೆ. ಕೂಸು ಅಳುತ್ತಿರುವಾಗ, ಗೆಳೆಯನೇ ಬೈಯುತ್ತಿರುವಾಗ, ಇಲ್ಲ ಎಂದು ನಿಲ್ಲಬಲ್ಲವರು ಬೇರೆ ಬಗೆಯವರು. ಒಳ್ಳೆಯವರೆನಿಸಿಕೊಳ್ಳುವ ಆತುರ ಅವರಿಗಿರುವುದಿಲ್ಲ. ಅವರನ್ನು ಅರಿಯಲು ನಮಗೆ ಕಾಲ ಬೇಕಾಗುತ್ತದೆ. ಅಷ್ಟು ಕಾಲ ಅವರು ಇರುವುದಿಲ್ಲ.